ಗಂಡು ಮೂಸಿ ನೋಡಿ ತಿರುಗಿ ಹೋಯಿತು. ಗೌರಿಗೆ ಕೊಟ್ಟ ಮಾತ್ರೆ ಕಾರಣವಾ?

ತೆಂಗಿನತೋಟ_ತಿಪಟೂರು
ಏಪ್ರಿಲ್ 16, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದೋದು ಜಾಸ್ತಿ, ಬರೆಯುತ್ತಿರೋದು ಇದೇ ಮೊದಲು. ಸ್ವಲ್ಪ ಮುಜುಗರದ ವಿಷಯ. ಆದರೂ ಕೇಳದೆ ವಿಧಿಯಿಲ್ಲ.

ನಮ್ಮ ಗೌರಿ ಮುಧೋಳ ನಾಯಿ. ಮೂರೂವರೆ ವರ್ಷ, 22 ಕೆ.ಜಿ. ತೋಟದ ಮನೆಯಲ್ಲೇ ಬೆಳೆದವಳು. ಹಿಂದೆ ಒಂದು ಸಲ ಆರು ಮರಿ ಹಾಕಿದ್ದಾಳೆ. ಗಂಡು ಅರಸೀಕೆರೆಯಲ್ಲಿದೆ, ನಮ್ಮ ಮನೆಯವರ ಸ್ನೇಹಿತರದ್ದು. ಹೆಸರು ರಾಜ. ಆ ಸಲ ರಾಜ ಇವಳನ್ನು ಗಾಡಿಯಿಂದ ಇಳಿಸೋಕೂ ಬಿಟ್ಟಿರಲಿಲ್ಲ. ಓಮ್ನಿ ಬಾಗಿಲು ತೆಗೆದ ತಕ್ಷಣ ಒಳಗೇ ಹಾರಿದ್ದ.

ಈ ವರ್ಷ ಫೆಬ್ರವರಿಯಲ್ಲಿ ಗೌರಿಗೆ ಉಣ್ಣಿ ಕಚ್ಚಿ ಜ್ವರ ಬಂತು. ಡಾಕ್ಟರು ಟಿಕ್ ಫೀವರ್ ಅಂದರು. ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ 28 ದಿನ ಕೊಟ್ಟೆವು. ಜ್ವರ ಹೋಯಿತು, ಕೆರೆತ ಶುರುವಾಯಿತು. ಬೆನ್ನಿನ ಮೇಲೆ ಅಂಗೈ ಅಗಲ ಕೂದಲು ಹೋಯಿತು. ಅದಕ್ಕೆ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ 10 ಮಿ.ಗ್ರಾಂ, ಎರಡು ವಾರ ದಿನಾ ಒಂದು, ಆಮೇಲೆ ದಿನ ಬಿಟ್ಟು ದಿನ. ಕೊನೆಯ ಮಾತ್ರೆ ಏಪ್ರಿಲ್ 2ಕ್ಕೆ. ಆ ಮಾತ್ರೆ ತಗೊಳ್ಳುವಾಗ ಅವಳು ಕುಡಿದ ನೀರು ನೋಡಬೇಕಿತ್ತು. ದನದ ಬಾನಿಗೇ ಬಾಯಿ ಹಾಕೋಳು.

ಏಪ್ರಿಲ್ 4ಕ್ಕೆ ಬೆದೆಗೆ ಬಂದಳು. ಜಗಲಿ ಮೇಲೆ ಮೊದಲ ರಕ್ತದ ಹನಿ ಕಂಡದ್ದು ಅವತ್ತೇ. ಹತ್ತನೇ ದಿನ ಅರಸೀಕೆರೆಗೆ ಕರೆದುಕೊಂಡು ಹೋದೆವು. ರಾಜ ಬಂದ, ಹಿಂದೆ ಒಮ್ಮೆ ಮೂಸಿದ, ಸೀನಿದ. ಹೋಗಿ ತೆಂಗಿನ ಮರದ ಬುಡದಲ್ಲಿ ಮಲಗಿಬಿಟ್ಟ. ಗೌರಿ ಬಾಲ ಪಕ್ಕಕ್ಕೆ ಹಾಕಿಕೊಂಡು ನಿಂತೇ ಇದ್ದಾಳೆ. ಹನ್ನೆರಡನೇ ದಿನ ಮತ್ತೆ ಹೋದೆವು. ಮತ್ತೆ ಅದೇ ಕಥೆ, ಸೀನು ಒಂದು ಬಿಟ್ಟು.

ಅವರ ಮನೆಯವರು "ನಿಮ್ಮ ನಾಯಿಗೆ ಔಷಧಿ ಹೊಡೆದು ಹೊಡೆದು ವಾಸನೆನೇ ಕೆಟ್ಟು ಹೋಗಿದೆ" ಅಂತ ಮುಖಕ್ಕೆ ಹೇಳಿದರು. ನನಗೆ ಬೇಜಾರಾಯಿತು. ನಿಜವಾಗಲೂ ಮಾತ್ರೆಯಿಂದ ವಾಸನೆ ಬದಲಾಗುತ್ತಾ? ನಮ್ಮೂರ ಮೆಡಿಕಲ್ ಶಾಪಿನವರು "ಒಂದು ಮಾತ್ರೆ ಇದೆ, ಕೊಟ್ಟರೆ ಬೇಗ ಮತ್ತೆ ಬೆದೆಗೆ ಬರ್ತಾಳೆ" ಅಂತಿದ್ದಾರೆ. ಕೊಡಬಹುದಾ?


ಘಟಪ್ರಭಾ_ದಂಡೆ
ಏಪ್ರಿಲ್ 16, ರಾತ್ರಿ 10:25

ಅಕ್ಕಾರ, ಮೊದಲು ಆ ಮೆಡಿಕಲ್ ಶಾಪಿನ ಮಾತ್ರೆ ಮುಟ್ಟಬ್ಯಾಡ್ರಿ.

ನಾನು ಲೋಕಾಪುರದ ಕಡೆಯವನು. ಅಪ್ಪನ ಕಾಲದಿಂದ ಮನೆಯಲ್ಲಿ ಮುಧೋಳ ನಾಯಿ ಇವೆ. ಕಲಿತ ವಿದ್ಯೆ ಅಲ್ಲ, ಕಣ್ಣಿಂದ ನೋಡಿದ್ದು ಹೇಳ್ತೀನಿ. ಎರಡು ಪ್ರಶ್ನೆ.

ಒಂದು, ಗಂಡಿನ ಹತ್ತಿರ ಒಯ್ಯೋ ಮುಂಚೆ ಸ್ನಾನ ಮಾಡಿಸಿದ್ರಾ? ಬಹಳ ಮಂದಿ "ಬೇರೆಯವರ ಮನಿಗೆ ಹೋಗೋದು" ಅಂತ ಮದುವೆ ಹೆಣ್ಣಿನ ಹಂಗೆ ಶಾಂಪೂ ಹಾಕಿ ತೊಳೆದು ತರ್ತಾರೆ. ಗಂಡಿಗೆ ಬೇಕಾದ್ದು ಆ ವಾಸನೆನೇ ನೋಡ್ರಿ, ಅದನ್ನೇ ತೊಳೆದ ಮೇಲೆ ಏನು ಉಳೀತು?

ಎರಡು, ರಾಜ ಮೂಸಿದ ಮೇಲೆ ಬಾಯಿ ಏನು ಮಾಡಿತು? ಮೂಗು ಸರಿ ಇರೋ ಗಂಡು ಬೆದೆಯ ಹೆಣ್ಣಿನ ಉಚ್ಚೆ ನೆಕ್ಕಿದರೆ ಹಲ್ಲು ಕಟಕಟ ಅನ್ನಿಸ್ತದೆ. ಚಳಿ ಹತ್ತಿದ ಹಂಗೆ. ಕೆಲವಕ್ಕೆ ತುಟಿ ಮೇಲೆ ನೊರೆ ಬರ್ತದೆ. ನಮ್ಮ ಹಳೇ ಗಂಡೊಂದು ನೆಲ ನೆಕ್ಕಿ, ತಲೆ ಎತ್ತಿ, ಅರ್ಧ ನಿಮಿಷ ಹಲ್ಲು ಕಡಿಯುತ್ತ ನಿಲ್ತಿತ್ತು. ಅದು ಬಂತು ಅಂದ್ರೆ ಹೆಣ್ಣು ತಯಾರಿದೆ ಅಂತ ನಮಗೆ ಗೊತ್ತಾಗೋದು.

ಔಷಧಿಯಿಂದ ವಾಸನೆ ಕೆಡೋದಕ್ಕಿಂತ, ವಾಸನೆ ಹೋಗದೇ ಉಳಿದದ್ದು ನಾನು ನೋಡೀನಿ. ಆರೇಳು ವರ್ಷದ ಹಿಂದೆ ನಮ್ಮ ಒಂದು ಹೆಣ್ಣು ಬೀದಿ ನಾಯಿ ಜೊತೆ ಗಂಟು ಬಿತ್ತು. ಯಾರೋ ಹೇಳಿದರು ಅಂತ ಗರ್ಭ ನಿಲ್ಲದ ಹಂಗೆ ಇಂಜೆಕ್ಷನ್ ಹಾಕಿಸಿದೆ. ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಅಂತ ಆಮೇಲೆ ಗೊತ್ತಾಯಿತು. ಎರಡು ವಾರಕ್ಕೆ ಮುಗಿಯೋ ಬೆದೆ ನಾಲ್ಕು ವಾರ ಎಳೀತು. ಅಷ್ಟೂ ದಿನ ಊರಿನ ಗಂಡು ನಾಯಿ ಎಲ್ಲಾ ನಮ್ಮ ಹಿತ್ತಲಲ್ಲಿ. ಎರಡು ತಿಂಗಳಿಗೆ ಗರ್ಭಕೋಶದಲ್ಲಿ ಕೀವು ತುಂಬಿತು. ಆಪರೇಷನ್ ಮಾಡಿಸಿ ಜೀವ ಉಳಿಸಿಕೊಂಡೆವು, ಮರಿಯ ಆಸೆ ಅಲ್ಲಿಗೇ ಮುಗೀತು. ಅದಕ್ಕೇ ಹಾರ್ಮೋನ್ ಅಂದ್ರೆ ನನಗೆ ಭಯ.


ತೆಂಗಿನತೋಟ_ತಿಪಟೂರು
ಏಪ್ರಿಲ್ 16, ರಾತ್ರಿ 11:02

ಅಣ್ಣಾ, ನಾಚಿಕೆ ಬಿಟ್ಟು ಹೇಳ್ತೀನಿ. ಸ್ನಾನ ಮಾಡಿಸಿರಲಿಲ್ಲ. ಆದರೆ ಮೊದಲ ದಿನ ಗೇಟಿನಿಂದ ಓಮ್ನಿ ಹೊರಡೋಕೆ ಬೀದಿ ನಾಯಿಗಳು ಬಿಡಲಿಲ್ಲ. ಒಟ್ಟು ಏಳು ಲೆಕ್ಕ ಹಾಕಿದೆ. ಅತ್ತೆ "ಬಾಲದ ಬುಡಕ್ಕೆ ತಲೆನೋವಿನ ಬಾಮು ಹಚ್ಚು, ಹತ್ತಿರ ಬರಲ್ಲ" ಅಂದರು. ಹಚ್ಚಿದೆ. ಅರಸೀಕೆರೆ ಮುಟ್ಟಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ರಾಜ ಸೀನಿದ್ದು ಅದಕ್ಕೇ ಇರಬೇಕು! ಆದರೆ ಎರಡನೇ ಸಲ ಏನೂ ಹಚ್ಚಿರಲಿಲ್ಲ, ನಿಜವಾಗಲೂ.

ಹಲ್ಲು ಕಟಕಟ ಎಲ್ಲಾ ಏನೂ ಇಲ್ಲ. ಗೌರಿ ಅವನ ಎದುರೇ ಉಚ್ಚೆ ಹೊಯ್ದಳು. ಅವನು ಸಗಣಿ ಗುಡ್ಡೆ ಮೂಸಿದ ಹಾಗೆ ಮೂಸಿ ಮುಂದೆ ಹೋದ.


ದನದ_ಡಾಕ್ಟ್ರು
ಏಪ್ರಿಲ್ 17, ಬೆಳಿಗ್ಗೆ 6:15

ನಾನು ಶಿವಮೊಗ್ಗ ಜಿಲ್ಲೆಯಲ್ಲಿ ಪಶುವೈದ್ಯೆ. ಹದಿನೈದು ವರ್ಷದಲ್ಲಿ ಹಸು ನೋಡಿದ್ದು ಜಾಸ್ತಿ, ನಾಯಿ ನೋಡಿದ್ದೂ ಕಡಿಮೆಯೇನಲ್ಲ. ನಿಮ್ಮ ಎರಡನೇ ಬರಹದಲ್ಲೇ ಉತ್ತರ ಇದೆ ಅನ್ನಿಸುತ್ತೆ. ಗೇಟಿನಲ್ಲಿ ಏಳು ಬೀದಿ ನಾಯಿ. ಅವಕ್ಕೆ ವಾಸನೆ ಗೊತ್ತಾಗಿದೆ ಅಲ್ವಾ? ಹಾಗಾದರೆ ಗೌರಿಯ ವಾಸನೆ ಕೆಟ್ಟಿಲ್ಲ. ರಾಜನಿಗೆ ಕಳೆದ ಎರಡು ತಿಂಗಳಲ್ಲಿ ಏನು ಔಷಧಿ ಕೊಟ್ಟಿದ್ದಾರೆ, ಕೇಳಿ.

ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳ್ತೀನಿ. ಇವತ್ತು ಭಾನುವಾರ, ಕಾಫಿ ಕೈಯಲ್ಲಿದೆ.

ಬೆದೆ ಬಂದಾಗ ಈಸ್ಟ್ರೋಜನ್ ಏರುತ್ತೆ. ಉಚ್ಚೆಯಲ್ಲಿ, ಕೆಳಗಿನ ಸ್ರಾವದಲ್ಲಿ ವಾಸನೆ ಬದಲಾಗೋದು ಅದರಿಂದ. ಗಂಡು ಅದನ್ನು ಮೂಗಿನಲ್ಲಷ್ಟೇ ಹಿಡಿಯೋದಿಲ್ಲ. ಮೇಲಿನ ಮುಂಹಲ್ಲಿನ ಹಿಂದೆ ಒಂದು ಸಣ್ಣ ರಂಧ್ರ ಇದೆ. ಅಲ್ಲಿಂದ ಮೂಗಿನ ತಳದಲ್ಲಿರೋ ಇನ್ನೊಂದು ಅಂಗಕ್ಕೆ ದಾರಿ. ನೆಕ್ಕಿದ್ದನ್ನು ನಾಲಿಗೆಯಿಂದ ಅಲ್ಲಿಗೆ ಒತ್ತುತ್ತೆ. ಘಟಪ್ರಭಾ ಅಣ್ಣ ಹೇಳಿದ ಹಲ್ಲು ಕಟಕಟ ಆಗೋದು ಆಗಲೇ. ನಾವು ಕಾಲೇಜಿನಲ್ಲಿ ಓದಿದ್ದನ್ನು ಅವರು ಹಿತ್ತಲಲ್ಲಿ ನಿಂತು ನೋಡಿದ್ದಾರೆ.

ಆ ವಾಸನೆಯಲ್ಲಿ ಏನಿದೆ ಅನ್ನೋದಕ್ಕೆ ಒಂದು ತಮಾಷೆಯ ಕಥೆ ಇದೆ. 1979ರಲ್ಲಿ ಅಮೆರಿಕದ ಸೈನ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬೆದೆಯ ನಾಯಿಯ ಸ್ರಾವದಲ್ಲಿ ಮೀಥೈಲ್ ಪ್ಯಾರಾಬೆನ್ ಅನ್ನೋ ವಸ್ತು ಸಿಕ್ಕಿತು, ಅದನ್ನು ಬೆದೆಯಲ್ಲಿಲ್ಲದ ಹೆಣ್ಣಿಗೆ ಹಚ್ಚಿದರೂ ಗಂಡು ಹತ್ತೋಕೆ ಬಂತು ಅಂತ. ಆಮೇಲೆ ಬೇರೆಯವರು ಪರೀಕ್ಷೆ ಮಾಡಿದಾಗ ಹಾಗೇನೂ ಆಗಲಿಲ್ಲ. ಇದೇ ವಸ್ತುವನ್ನು ಮುಲಾಮು, ಸಿರಪ್, ಶಾಂಪೂ ಕೆಡದಿರಲಿ ಅಂತ ಹಾಕ್ತಾರೆ. ಅದೊಂದೇ ಸಾಕಾಗಿದ್ದರೆ ನಮ್ಮ ಬಾತ್‌ರೂಮ್ ಬಾಗಿಲಲ್ಲೂ ಗಂಡು ನಾಯಿಗಳು ಸಾಲು ನಿಲ್ಲಬೇಕಿತ್ತು.

ಈಗ ಗೌರಿಯ ಮಾತ್ರೆಗಳು. ಡಾಕ್ಸಿ ಮೇಲೆ ತಪ್ಪು ಹೊರಿಸಬೇಡಿ. ಅದು ಮುಗಿದು ತಿಂಗಳಾಗಿದೆ. ಪ್ರೆಡ್ನಿಸೊಲೋನ್ ತಗೊಂಡ ನಾಯಿ ನೀರು ಜಾಸ್ತಿ ಕುಡಿಯುತ್ತೆ, ಉಚ್ಚೆ ನೀರಾಗುತ್ತೆ. ತುಂಬಾ ದಿನ ಕೊಟ್ಟರೆ ಬೆದೆಯೇ ಬರದೆ ಹೋಗಬಹುದು. ಆದರೆ ನಿಮ್ಮವಳು ಬೆದೆಗೆ ಬಂದಿದ್ದಾಳೆ, ಬಾಲ ಪಕ್ಕಕ್ಕೆ ಹಾಕಿದ್ದಾಳೆ. ಅವಳ ಒಳಗಿನ ಗಡಿಯಾರ ನಡೀತಾ ಇದೆ. ಮಾತ್ರೆ ಮುಗಿದ ಮೇಲೆ ಬೆದೆ ಬಂದದ್ದು ಒಳ್ಳೆಯದೇ ಆಯಿತು. ಗರ್ಭ ಇದ್ದಾಗ ಸ್ಟೀರಾಯ್ಡ್ ಕೊಟ್ಟರೆ ಗರ್ಭ ಬೀಳಬಹುದು, ಮರಿಗಳ ಅಂಗುಳ ಸೀಳಬಹುದು.

ಮೂಸುವವನ ಮೂಗು ಬೇರೆ ಮಾತು. 2016ರಲ್ಲಿ ಅಮೆರಿಕದಲ್ಲಿ ಬಾಂಬ್ ಹುಡುಕೋ 18 ನಾಯಿಗಳ ಮೇಲೆ ಒಂದು ಅಧ್ಯಯನ ಆಯಿತು. ಭೇದಿಗೆ ಕೊಡ್ತೀವಲ್ಲ ಮೆಟ್ರೊನಿಡಜೋಲ್, ಅದನ್ನು ಹತ್ತು ದಿನ ಕೊಟ್ಟರು. ಒಂಬತ್ತು ನಾಯಿಗಳ ಮೂಗು ಯಾವುದಾದರೂ ಒಂದು ಸ್ಫೋಟಕದ ವಾಸನೆಗೆ ಮಂಕಾಯಿತು. ಡಾಕ್ಸಿ ಕೊಟ್ಟಾಗ ಹಾಗಾಗಲಿಲ್ಲ. ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್ ಕೊಟ್ಟಾಗಲೂ ನಾಯಿಗಳಿಗೆ ವಾಸನೆ ಹಿಡಿಯೋಕೆ ಮೊದಲಿಗಿಂತ ಜಾಸ್ತಿ ಪ್ರಮಾಣ ಬೇಕಾಯಿತು ಅಂತ 1992ರ ಇನ್ನೊಂದು ಅಧ್ಯಯನ ಹೇಳುತ್ತೆ. ಮೂಗಿನ ಒಳಪದರ ನೋಡಿದರೆ ಏನೂ ಆಗಿರಲಿಲ್ಲ.

ಬೇಗ ಬೆದೆ ತರಿಸೋ ಮಾತ್ರೆ ಅಂದರೆ ಬಹುಶಃ ಕ್ಯಾಬರ್ಗೊಲಿನ್. ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್ ಇಳಿಸಿ ಎರಡು ಬೆದೆಯ ನಡುವಿನ ವಿರಾಮ ಕಡಿಮೆ ಮಾಡುತ್ತೆ. ಅದಕ್ಕೆ ಸರಿಯಾದ ಸಂದರ್ಭ ಬೇರೆ ಇದೆ. ಟಿಕ್ ಫೀವರಿನಿಂದ ಈಗಷ್ಟೇ ಎದ್ದ ನಾಯಿಗೆ ಕೌಂಟರಿನಲ್ಲಿ ಕೇಳಿ ಕೊಡೋದಲ್ಲ. ಗರ್ಭಕೋಶಕ್ಕೂ ವಿಶ್ರಾಂತಿ ಬೇಕು.

ಬಾಮು ಮಾತ್ರ ಇನ್ನೊಮ್ಮೆ ಹಚ್ಚಬೇಡಿ. ಅದರಲ್ಲಿ ಕರ್ಪೂರ ಇರುತ್ತೆ, ನೆಕ್ಕಿಕೊಂಡರೆ ವಿಷ. ಅತ್ತೆಗೆ ನಾನು ಹೇಳಿದೆ ಅಂತ ಹೇಳಬೇಡಿ.


ಕುವೆಂಪುನಗರದ_ಚಿನ್ನಿ
ಏಪ್ರಿಲ್ 17, ಮಧ್ಯಾಹ್ನ 1:50

ಡಾಕ್ಟ್ರೇ, ನೀವು ಗಂಡಿಗೂ ಹೆಣ್ಣಿಗೂ ಕೇಳಿದಿರಿ. ಮೂರನೆಯವರನ್ನೂ ಕೇಳಿ! ನಮ್ಮನೆಯಲ್ಲಿ ತಪ್ಪು ನನ್ನದು.

ಚಿನ್ನಿ ಒಂಬತ್ತು ವರ್ಷದ ಡ್ಯಾಷ್‌ಹೌಂಡ್. ಎರಡು ವರ್ಷ ಇದ್ದಾಗಲೇ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದ್ದೆವು. ಹೋದ ವರ್ಷ ದಸರಾ ಹೊತ್ತಿಗೆ ಅವಳ ಕೆಳಗೆ ಊದಿಕೊಂಡಿತು. ಪಕ್ಕದ ಮನೆಯ ಲ್ಯಾಬ್ರಡಾರ್ ಕಾಂಪೌಂಡ್ ಹಾರಿ ಬರೋಕೆ ಶುರುಮಾಡಿತು. ಆಪರೇಷನ್ ಆಗಿ ಏಳು ವರ್ಷ ಆಗಿದೆ! ಡಾಕ್ಟರು ಅಂಡಾಶಯದ ಚೂರು ಉಳಿದಿರಬಹುದು ಅಂತ ಸ್ಕ್ಯಾನ್ ಮಾಡಿಸಿದರು. ಏನೂ ಕಾಣಲಿಲ್ಲ. ಹೊಟ್ಟೆ ಕೊಯ್ದು ನೋಡೋಣ ಅನ್ನೋ ಮಾತೂ ಬಂತು.

ಆಗ ಇನ್ನೊಬ್ಬ ಚಿಕ್ಕ ವಯಸ್ಸಿನ ಡಾಕ್ಟರು ನನ್ನನ್ನೇ ಕೇಳಿದರು, "ಆಂಟಿ, ಮನೆಯಲ್ಲಿ ಯಾರಾದರೂ ಹಾರ್ಮೋನ್ ಔಷಧಿ ತಗೊಳ್ತಾರಾ?" ಮುಟ್ಟು ನಿಂತ ಮೇಲೆ ನನಗೆ ಮೈ ಬಿಸಿ, ಬೆವರು ಜಾಸ್ತಿ ಅಂತ ಈಸ್ಟ್ರೋಜನ್ ಜೆಲ್ ಕೊಟ್ಟಿದ್ದರು. ಸಂಜೆ ಸ್ನಾನ ಮಾಡಿ ಮುಂಗೈಯಿಂದ ಮೊಣಕೈವರೆಗೆ ಹಚ್ಚಿಕೊಂಡು ಧಾರಾವಾಹಿ ನೋಡೋಕೆ ಕೂರ್ತಿದ್ದೆ. ಚಿನ್ನಿ ತೊಡೆ ಮೇಲೆ ಮಲಗಿ ಕೈ ನೆಕ್ತಾ ಇರೋಳು. ದಿನಾ. ನಾನು ಪ್ರೀತಿ ಅಂದುಕೊಂಡಿದ್ದೆ.

ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೇ ಇಂಥದೇ ಒಂದು ಸ್ಪ್ರೇ ಬಗ್ಗೆ ಎಚ್ಚರಿಕೆ ಕೊಟ್ಟಿತ್ತಂತೆ. ಹಚ್ಚಿದ ಜಾಗ ಮಕ್ಕಳಿಗೆ, ಸಾಕುಪ್ರಾಣಿಗಳಿಗೆ ತಗುಲಬಾರದು ಅಂತ. ನನಗೆ ಯಾರೂ ಹೇಳಿರಲಿಲ್ಲ. ಈಗ ತೊಡೆಗೆ ಹಚ್ಚಿ ಒಣಗಿದ ಮೇಲೆ ಬಟ್ಟೆ ಮುಚ್ಚಿಕೊಳ್ತೀನಿ, ಕೈ ಸೋಪಿನಲ್ಲಿ ತೊಳೀತೀನಿ. ಒಂದೂವರೆ ತಿಂಗಳಿಗೆ ಚಿನ್ನಿಯ ಊತ ಇಳಿಯಿತು. ಲ್ಯಾಬ್ರಡಾರ್ ಬರೋದು ಬಿಟ್ಟಿತು. ನಮ್ಮನೆಯವರು ಈಗಲೂ ಕಾಂಪೌಂಡ್ ಎತ್ತರ ಮಾಡಿಸಿದ ಖರ್ಚು ನೆನಪಿಸ್ತಾರೆ.


ದನದ_ಡಾಕ್ಟ್ರು
ಏಪ್ರಿಲ್ 17, ಮಧ್ಯಾಹ್ನ 2:10

ಚಿನ್ನಿ ಅಮ್ಮಾ, ಆ ಹುಡುಗ ಡಾಕ್ಟರಿಗೆ ಒಂದು ಕೆ.ಜಿ ಮೈಸೂರು ಪಾಕ್ ಕೊಡಿ. ಹೊಟ್ಟೆ ಕೊಯ್ಯೋದು ತಪ್ಪಿಸಿದ್ದಾರೆ. ಗಂಡು ನಾಯಿಗೂ ಹೀಗಾಗುತ್ತೆ. ಮೊಲೆ ಊದುತ್ತೆ, ಮೈ ಕೂದಲು ಹೋಗುತ್ತೆ, ಬೇರೆ ಗಂಡುಗಳು ಅದನ್ನೇ ಮೂಸಿಕೊಂಡು ಹಿಂದೆ ಬೀಳ್ತವೆ. ಹೊಟ್ಟೆಯಲ್ಲೇ ಉಳಿದ ವೃಷಣದಲ್ಲಿ ಗಡ್ಡೆಯಾದಾಗಲೂ ಇದೇ ಲಕ್ಷಣ.


ತೆಂಗಿನತೋಟ_ತಿಪಟೂರು
ಏಪ್ರಿಲ್ 17, ರಾತ್ರಿ 8:30

ಡಾಕ್ಟ್ರಮ್ಮಾ, ಕಾಲಿಗೆ ಬೀಳ್ತೀನಿ.

ಫೋನ್ ಮಾಡಿಸಿದೆ. ಮೊದಲು "ಅವನಿಗೇನಾಗಿದೆ, ಚೆನ್ನಾಗೇ ಇದ್ದಾನೆ" ಅಂದರು. ಎರಡನೇ ಸಲ ಕೇಳಿದಾಗ "ಚರ್ಮದ ಮಾತ್ರೆ ಒಂದು ಕೊಡ್ತಾ ಇದ್ದೀವಪ್ಪ, ಅದಕ್ಕೂ ಇದಕ್ಕೂ ಏನು ಸಂಬಂಧ" ಅಂದರು. ಕೆನ್ನೆ ಮೇಲೆ, ಮುಂಗಾಲ ಮೇಲೆ ರೂಪಾಯಿ ಅಗಲ ಕೂದಲು ಹೋಗಿತ್ತಂತೆ. ಕೀಟೊಕೊನಜೋಲ್ 200 ಮಿ.ಗ್ರಾಂ, ದಿನಕ್ಕೊಂದು, ಮಾರ್ಚ್ 10ರಿಂದ ಇವತ್ತಿನವರೆಗೂ. ಸ್ಟ್ರಿಪ್‌ನ ಫೋಟೋ ಕಳಿಸಿದ್ದಾರೆ. ಅದು ಸಾಲದು ಅಂತ ಏಪ್ರಿಲ್ 8ರಿಂದ 13ರವರೆಗೆ ಭೇದಿಗೆ ಮೆಟ್ರೊನಿಡಜೋಲ್. 13 ಅಂದರೆ ನಾವು ಮೊದಲು ಹೋದ ದಿನ!

ಇನ್ನೊಂದು ಮಾತು ಅವರೇ ಹೇಳಿದರು. ರಾಜ ಈಗೀಗ ಬೇಲಿ ಕಂಬಕ್ಕೆಲ್ಲ ಕಾಲೆತ್ತೋದು ಕಡಿಮೆ ಮಾಡಿದ್ದಾನಂತೆ. "ವಯಸ್ಸಾಯ್ತು, ಬುದ್ಧಿ ಬಂತು ಅಂದುಕೊಂಡೆ" ಅಂದರು. ಐದು ವರ್ಷದ ನಾಯಿ.


ದನದ_ಡಾಕ್ಟ್ರು
ಏಪ್ರಿಲ್ 17, ರಾತ್ರಿ 9:05

ಸಿಕ್ಕಿತು ನೋಡಿ. ಕೀಟೊಕೊನಜೋಲ್ ಶಿಲೀಂಧ್ರ ಕೊಲ್ಲೋ ಔಷಧಿ. ಅದೇ ಔಷಧಿ ನಾಯಿಯ ಮೈಯಲ್ಲಿ ಟೆಸ್ಟೊಸ್ಟೆರಾನ್ ಅನ್ನೋ ಗಂಡು ಹಾರ್ಮೋನ್ ತಯಾರಾಗೋದನ್ನೂ ತಡೆಯುತ್ತೆ. ಐದು ವಾರ ದಿನಾ ಕೊಟ್ಟ ಮೇಲೆ ಕಂಬಕ್ಕೆ ಕಾಲೆತ್ತೋ ಹುಮ್ಮಸ್ಸು ಇಳಿದಿದ್ದು ಅದಕ್ಕೇ ಸರಿಹೊಂದುತ್ತೆ. ಮೇಲೆ ಮೆಟ್ರೊನಿಡಜೋಲ್ ಬೇರೆ. ವಾಸನೆ ಪೂರ್ತಿ ಸಿಗಲಿಲ್ಲವೋ, ಸಿಕ್ಕರೂ ಮನಸ್ಸು ಬರಲಿಲ್ಲವೋ, ಇಲ್ಲಿ ಕೂತು ಬೇರ್ಪಡಿಸೋಕೆ ಆಗೋದಿಲ್ಲ. ನನ್ನ ಅನುಮಾನ ಕೀಟೊಕೊನಜೋಲ್ ಮೇಲೇ ಜಾಸ್ತಿ.

ಈಗ ಬೈಗುಳ. ರೂಪಾಯಿ ಅಗಲ ಕೂದಲು ಹೋಗಿದೆ ಅಂದರೆ ಹುಳುಕಡ್ಡಿ ಇರಬಹುದು. ಗೌರಿಗೂ ಅಂಟುತ್ತೆ, ನಿಮಗೂ ಅಂಟುತ್ತೆ. ಅಂಥ ನಾಯಿಯ ಹತ್ತಿರ ಕೂಡಿಸೋಕೆ ಕರೆದದ್ದೇ ತಪ್ಪು. ಗೌರಿಯ ಮೈ ಎರಡು ಮೂರು ವಾರ ಗಮನಿಸಿ. ರಾಜನ ಮಾತ್ರೆಯನ್ನು ಅವರು ತಾವಾಗಿಯೇ ನಿಲ್ಲಿಸಬಾರದು, ಬರೆದುಕೊಟ್ಟ ಡಾಕ್ಟರನ್ನೇ ಕೇಳಲಿ. ನಿಲ್ಲಿಸಿದ ಮೇಲೆ ಹುಮ್ಮಸ್ಸು ಬೇಗ ಬರಬಹುದು. ಆದರೆ ನಾಯಿಯಲ್ಲಿ ವೀರ್ಯಾಣು ಹುಟ್ಟಿ ಬೆಳೆಯೋಕೆ ಸುಮಾರು 62 ದಿನ ಬೇಕು. ಈ ಬೆದೆ ಬಿಟ್ಟುಬಿಡಿ.

ಮುಂದಿನ ಸಲ ದಿನ ಲೆಕ್ಕ ಹಾಕೋ ಬದಲು ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನಿನ ರಕ್ತ ಪರೀಕ್ಷೆ ಮಾಡಿಸಿ. ಮಿಲಿಲೀಟರಿಗೆ 5 ನ್ಯಾನೋಗ್ರಾಂ ಹತ್ತಿರ ಬಂದಾಗ ಮೊಟ್ಟೆ ಬಿಡುಗಡೆ ಆಗುತ್ತೆ, ಅದು ಹಣ್ಣಾಗೋಕೆ ಇನ್ನೂ ಎರಡು ದಿನ. ಅರಸೀಕೆರೆಗೆ ಸುಮ್ನೆ ಡೀಸೆಲ್ ಸುಡೋದು ತಪ್ಪುತ್ತೆ.


ಘಟಪ್ರಭಾ_ದಂಡೆ
ಏಪ್ರಿಲ್ 17, ರಾತ್ರಿ 9:30

ಓಮ್ನಿ ಪೆಟ್ರೋಲ್ ಗಾಡಿ ಡಾಕ್ಟ್ರೇ.

ಅಕ್ಕಾರ, ಮುಂದಿನ ಸಲ ರಾಜನಿಗೆ ಹಿಂದಿನ ದಿನನೇ ನಿಮ್ಮ ಗೌರಿ ಮಲಗಿದ ಗೋಣಿಚೀಲ ಕೊಟ್ಟು ನೋಡ್ರಿ. ಹಲ್ಲು ಕಡಿದರೆ ಹೊರಡ್ರಿ, ಇಲ್ಲಾಂದ್ರೆ ಮನೆಯಲ್ಲೇ ಇರ್ರಿ. ಬ್ಯಾರೆ ಗಂಡು ಬೇಕಾದರೆ ನಮ್ಮ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ನಾಯಿ ಸಂಶೋಧನಾ ಕೇಂದ್ರ ಐತಿ. ಅಲ್ಲಿ ಒಮ್ಮೆ ವಿಚಾರಿಸ್ರಿ. ತಿಪಟೂರಿನಿಂದ ದೂರ ಆಗ್ತದೆ, ಆದರೂ.


ತೆಂಗಿನತೋಟ_ತಿಪಟೂರು
ಅಕ್ಟೋಬರ್ 28, ಸಂಜೆ 7:15

ಹಳೇ ಮಾತನ್ನು ಮತ್ತೆ ಎಬ್ಬಿಸ್ತಾ ಇದ್ದೀನಿ, ಕ್ಷಮಿಸಿ. ಗೌರಿಗೆ ಹುಳುಕಡ್ಡಿ ಅಂಟಲಿಲ್ಲ. ನಮ್ಮ ಮನೆಯವರ ಮುಂಗೈಗೆ ಅಂಟಿತು, ಮುಲಾಮಿಗೆ ಹೋಯಿತು. ರಾಜನ ಮಾತ್ರೆ ಮೇ ತಿಂಗಳಲ್ಲೇ ಮುಗಿದಿದೆ. ಕಂಬಗಳಿಗೆಲ್ಲ ಮತ್ತೆ ಮೊದಲಿನ ಹಾಗೇ ಅಭಿಷೇಕವಂತೆ.

ಗೌರಿ ಅಕ್ಟೋಬರ್ 21ಕ್ಕೆ ಬೆದೆಗೆ ಬಂದಳು. ಗೋಣಿಚೀಲ ಬಸ್ಸಿನಲ್ಲಿ ಕಳಿಸಿದೆವು, ಕಂಡಕ್ಟರ್ ಏನು ಅಂತ ಕೇಳಿದರೆ "ಬಿತ್ತನೆ ಶೇಂಗಾ" ಅಂತ ಹೇಳಿ. ನಿನ್ನೆ ರಾತ್ರಿ ವಿಡಿಯೋ ಬಂತು. ಅಣ್ಣಾ, ಹಲ್ಲು ಕಟಕಟ! ನೊರೆ ಬೇರೆ.

ಖುಷಿಯಲ್ಲಿ ರಕ್ತ ಪರೀಕ್ಷೆಗೂ ಕಾಯದೆ ಇವತ್ತೇ ಕರೆದುಕೊಂಡು ಹೋದೆವು. ಎಂಟನೇ ದಿನ. ರಾಜ ಹಾರಿ ಬಂದ. ಗೌರಿ ತಿರುಗಿ ಅವನ ಕಿವಿ ಕಚ್ಚಿದಳು. ಈಗ ಅವರ ಮನೆಯವರು "ನಿಮ್ಮ ನಾಯಿಗೆ ಏನು ಮಾತ್ರೆ ಕೊಟ್ಟಿದ್ದೀರಿ" ಅಂತ ಕೇಳ್ತಿದ್ದಾರೆ.

ನಾಳೆ ಬೆಳಿಗ್ಗೆ ರಕ್ತ ತೆಗೆಸ್ತೀನಿ ಡಾಕ್ಟ್ರಮ್ಮಾ. ಬೈಬೇಡಿ.